ತಲೆಯ ಮೇಲಿನ ತರಗತಿ

ಒಂಬತ್ತನೆಯ ತರಗತಿ ಅವಳ ತಲೆಯ ಮೇಲಿತ್ತು.

ಕೆಳಗಿನ ಕೋಣೆಯಲ್ಲಿ ಅವಳು ಒಬ್ಬಳೇ. ಮೇಲೆ ನಲವತ್ತೊಂದು ಜನ. ನಡುವೆ ಇದ್ದದ್ದು ಒಂದು ಗೇಣು ದಪ್ಪದ ಸಿಮೆಂಟು. ಅವರಿಗೆ ಅದು ನೆಲ, ಇವಳಿಗೆ ಸೂರು. ಏಳು ತಿಂಗಳಿಂದ ಅವಳು ಆ ಸೂರನ್ನೇ ಓದುತ್ತಿದ್ದಳು.

ಬೆಳಿಗ್ಗೆ ಮೊದಲು ಬರುವುದು ಓಡುವ ಕಾಲು. ಬಾಗಿಲಿಂದ ಕಿಟಕಿಯವರೆಗೆ ಒಂದೇ ಓಟ, ಆಮೇಲೆ ಸದ್ದಿಲ್ಲ. ಎರಡನೆಯದು ಜೋಡಿ ಕಾಲು, ಇಬ್ಬರು ಹುಡುಗಿಯರು, ಒಬ್ಬಳು ನಿಂತರೆ ಇನ್ನೊಬ್ಬಳೂ ನಿಲ್ಲುತ್ತಾಳೆ. ಆಮೇಲೆ ಎಳೆಗಾಲ. ಅವನಿಗೆ ಆ ಹೆಸರಿಟ್ಟವಳು ಇವಳೇ. ಕಾಲು ಎತ್ತಿಡುವ ಶ್ರಮ ಅವನಿಗೆ ಬೇಡ, ನೆಲ ಉಜ್ಜಿಕೊಂಡೇ ಬರುತ್ತಾನೆ. ಎಲ್ಲರಿಗಿಂತ ಕೊನೆಗೆ, ಗಂಟೆ ಹೊಡೆದ ಮೇಲೆ, ಒಂದು ಮೆತ್ತನೆಯ ಹೆಜ್ಜೆ. ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಒಳಗೆ ಬರಲೋ ಬೇಡವೋ ಎಂದು ಕೇಳುವ ಹಾಗೆ. ಆಮೇಲೆ ನೇರ ಅವಳ ನೆತ್ತಿಯ ಮೇಲಿನ ಜಾಗಕ್ಕೆ ಬಂದು ಕೂರುತ್ತದೆ.

ಮೇಷ್ಟ್ರು ಬಂದಾಗ ನಲವತ್ತೊಂದು ಜನ ಒಟ್ಟಿಗೆ ಏಳುತ್ತಾರೆ. ಸೂರಿನಿಂದ ಸುಣ್ಣದ ಪುಡಿ ಉದುರುತ್ತದೆ. ಅವಳು ಪುಸ್ತಕದ ಮೇಲಿನ ಪುಡಿಯನ್ನು ಊದಿ, ತಾನೂ ಮೆಲ್ಲಗೆ "ಗುಡ್ ಮಾರ್ನಿಂಗ್ ಸಾರ್" ಅನ್ನುತ್ತಾಳೆ. ಕೋಣೆಯಲ್ಲಿ ಕೇಳುವವರಿಲ್ಲ. ಮೂಲೆಯಲ್ಲಿ ಕಸಬರಿಕೆ ಇದೆ, ಫಿನೈಲು ಡಬ್ಬಿ ಇದೆ, ಮುರಿದ ಬೆಂಚುಗಳು ಒಂದರ ಮೇಲೊಂದು ಇವೆ, ಸುತ್ತಿಟ್ಟ ನಕಾಶೆಗಳು ಇವೆ. ಬಾಗಿಲ ಹೊರಗೆ ನೀಲಿ ಬಣ್ಣದ ಬೋರ್ಡು: ವಿಶೇಷ ಕಲಿಕಾ ಕೊಠಡಿ.

ಮೂರನೆಯ ಪೀರಿಯಡ್ಡಿನಲ್ಲಿ, ಲೆಕ್ಕದ ಹೊತ್ತಿಗೆ, ನೆತ್ತಿಯ ಮೇಲೆ ಒಂದು ಸದ್ದು ಬರುತ್ತಿತ್ತು. ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್. ಮೊದಲ ಸಲ ಕೇಳಿದಾಗ ಅವಳು ಪೆನ್ಸಿಲು ಕೆಳಗಿಟ್ಟಳು. ಮರುದಿನವೂ ಬಂತು. ಅದರ ಮರುದಿನವೂ. ಮೆತ್ತನೆಯ ಹೆಜ್ಜೆಯವಳು ಕೂರುವ ಜಾಗದಿಂದಲೇ. ವಾರವಾದ ಮೇಲೆ ಅವಳು ಗಾಲಿಕುರ್ಚಿ ಉರುಳಿಸಿಕೊಂಡು ಹೋಗಿ, ನಕಾಶೆ ತೂಗುಹಾಕುವ ಉದ್ದನೆಯ ಕೋಲು ತಂದು, ಸೂರಿಗೆ ಮೂರು ಸಲ ಬಡಿದಳು. ಮೇಲಿನಿಂದ ಉತ್ತರ ಬಂತು. ಟಕ್. ಟಕ್ ಟಕ್.

ಆ ದಿನ ಮನೆಯಲ್ಲಿ ಅವಳು ಎರಡು ತುತ್ತು ಹೆಚ್ಚು ಉಂಡಳು. ಅಮ್ಮ ಕೇಳಿದ್ದಕ್ಕೆ, ಶಾಲೆಯಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಾಳೆ ಅಂದಳು.

*

ಆ ಶಾಲೆಗೆ ಸೇರಿಸಿದ್ದು ಅಪ್ಪನ ತಪ್ಪು. ಅವನೇ ಹಾಗೆ ಹೇಳುತ್ತಿದ್ದ.

ಅಪ್ಪ ಕಾಳಿನ ಗೋದಾಮಿನಲ್ಲಿ ಹಮಾಲಿ. ಇಪ್ಪತ್ತೆರಡು ವರ್ಷದಿಂದ ಮೂಟೆ ಹೊರುತ್ತಿದ್ದವನು. ಬೆನ್ನಿನ ಮೇಲ್ಭಾಗದಲ್ಲಿ ಗಟ್ಟಿ ಚರ್ಮದ ಒಂದು ಪಟ್ಟಿಯೇ ಎದ್ದಿತ್ತು. ದಿನದ ಮೊದಲ ಮೂಟೆಗೆ ಹಣೆ ಮುಟ್ಟಿಸದೆ ಎತ್ತುತ್ತಿರಲಿಲ್ಲ. ಅನ್ನ ಅದರೊಳಗಿದೆ, ಅದನ್ನು ಬಿಟ್ಟು ಬೇರೆ ದೇವರನ್ನು ತಾನು ಅಷ್ಟು ಹತ್ತಿರದಿಂದ ನೋಡಿಲ್ಲ ಎನ್ನುತ್ತಿದ್ದ. ಮಗಳಿಗೆ ಹುಟ್ಟಿನಿಂದ ಕಾಲು ನಿಲ್ಲದು. ದೇವರು ಕಾಲು ಕೊಡುವುದು ಮರೆತ ಎಂದು ಯಾರಾದರೂ ಮರುಗಿದರೆ ಅಮ್ಮ ಬಿಡುತ್ತಿರಲಿಲ್ಲ. ಮರೆತಿಲ್ಲ, ಕಿವಿಗೆ ಸೇರಿಸಿ ಕೊಟ್ಟಿದ್ದಾನೆ, ಪಕ್ಕದ ಬೀದಿಯಲ್ಲಿ ಬಳೆ ಸದ್ದಾದರೂ ಇವಳಿಗೆ ಕೇಳುತ್ತೆ, ನೀವು ಆಡಿಕೊಂಡಿದ್ದೂ ಕೇಳಿರುತ್ತೆ, ಹುಷಾರು ಎನ್ನುತ್ತಿದ್ದಳು.

ಎಂಟರವರೆಗೆ ಅವಳು ಗೋದಾಮಿನ ಹಿಂದಿನ ಒಂದು ಕೋಣೆಯ ಶಾಲೆಯಲ್ಲಿ ಓದಿದಳು. ಅಲ್ಲಿ ಮೆಟ್ಟಿಲೇ ಇರಲಿಲ್ಲ. ಒಂಬತ್ತಕ್ಕೆ ದೊಡ್ಡ ಶಾಲೆ ನೋಡಲು ಅಪ್ಪ ಒಬ್ಬನೇ ಹೋದ. ಗೇಟಿನ ಒಳಗೆ ಹೊಸದಾಗಿ ಕಟ್ಟಿದ ಇಳಿಜಾರು ಕಂಡಿತು. ಹೊರುವವನ ಕಣ್ಣು ಮೊದಲು ಹೋಗುವುದೇ ಇಳಿಜಾರಿಗೆ. ಅವನು ಅದರ ಮೇಲೆ ಮೂರು ಸಲ ಹತ್ತಿ ಇಳಿದ. ಅಂಗಾಲಿನಲ್ಲಿ ನೆಲ ಉಜ್ಜಿ ನೋಡಿದ. ಜಾರುವುದಿಲ್ಲ, ಏರು ಕಡಿದಾಗಿಲ್ಲ, ಗಾಲಿ ತಾನಾಗಿ ಹೋಗುತ್ತದೆ. ಕಣ್ಣಲ್ಲಿ ನೀರು ಬಂತಂತೆ. ಆ ಇಳಿಜಾರು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದನ್ನೇ ಮರೆತ. ಅದು ಹೋಗುತ್ತಿದ್ದದ್ದು ಜಗಲಿಯವರೆಗೆ. ಒಂಬತ್ತನೆಯ ತರಗತಿ ಇದ್ದದ್ದು ಅಲ್ಲಿಂದ ಇಪ್ಪತ್ತಾರು ಮೆಟ್ಟಿಲು ಮೇಲೆ.

ಅಮ್ಮ ಗೋದಾಮಿನಲ್ಲಿ ಚೆಲ್ಲಿದ ಕಾಳು ಗುಡಿಸಿ ಕೇರುವವಳು. ಅವಳ ಮೊರ ಎಷ್ಟು ಚುರುಕೋ ಬಾಯಿಯೂ ಅಷ್ಟೇ. "ನಿಮ್ಮಪ್ಪ ನನ್ನನ್ನೂ ಹೀಗೇ ನೋಡಿ ಒಪ್ಪಿದ್ದು," ಅಂದಳು ಮಗಳಿಗೆ. "ಹೊಸಿಲು ಚೆನ್ನಾಗಿದೆ ಅಂದ. ಒಳಗೆ ನಾನಿದ್ದೀನಿ ಅಂತ ಆಮೇಲೆ ಗೊತ್ತಾಯ್ತು."

ಅಪ್ಪ ನಕ್ಕ. ಮರುದಿನದಿಂದ ಮಗಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಗೋದಾಮಿನ ತಳ್ಳುಗಾಡಿಯಲ್ಲಿ ಗೇಟಿನವರೆಗೆ, ಅಲ್ಲಿಂದ ಬೆನ್ನಿನ ಮೇಲೆ. ಅವಳು ಎರಡೂ ಕೈಯಿಂದ ಅವನ ಕುತ್ತಿಗೆ ತಬ್ಬುತ್ತಿದ್ದಳು. ಅವನು ಮೆಟ್ಟಿಲು ಎಣಿಸುತ್ತಿದ್ದ, ಹದಿಮೂರಕ್ಕೆ ಒಂದು ತಿರುವು, ಮತ್ತೆ ಹದಿಮೂರು. ತರಗತಿಯ ಬಾಗಿಲಲ್ಲಿ ಮಂಡಿಯೂರಿ ಅವಳನ್ನು ಬೆಂಚಿಗೆ ಇಳಿಸಿ, ತಲೆ ಬಗ್ಗಿಸಿಕೊಂಡು ಹೋಗಿಬಿಡುತ್ತಿದ್ದ. ಮೊದಲ ದಿನವೇ ಹಿಂದಿನ ಸಾಲಿನಿಂದ ಯಾರೋ ಅಂದರು: "ಮೂಟೆ ಬಂತು." ತರಗತಿ ನಕ್ಕಿತು. ಅವಳಿಗೆ ಆ ಹೆಸರೇ ಆಯಿತು. ಮೂಟೆಯ ಪಕ್ಕ ಯಾರೂ ಕೂರಲಿಲ್ಲ. ಅವಳು ಕೂತದ್ದು ಮೊದಲ ಸಾಲಿನಲ್ಲಿ. ಉಳಿದವರೆಲ್ಲ ಬೆನ್ನ ಹಿಂದೆ, ತಿರುಗಿ ನೋಡಲು ಸೊಂಟ ಬಿಡುತ್ತಿರಲಿಲ್ಲ. ಸದ್ದು ಕೇಳಿದಳು, ಮುಖ ನೋಡಲಿಲ್ಲ.

ಆರು ವಾರ ನಡೆಯಿತು. ಆಮೇಲೆ ದೂರು ಬಂತು. ಬೆಳೆದ ಹುಡುಗಿಯರು ಓದುವ ಕೋಣೆಗೆ ಬೆವರು ನಾರುವ ಗಂಡಸು ಬರುತ್ತಾನೆ, ಸೊಂಟದಲ್ಲಿ ಕಬ್ಬಿಣದ ಕೊಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ಅಪ್ಪ ಮರುದಿನ ತೊಳೆದ ಅಂಗಿ ಹಾಕಿ ಬಂದ. ಮೂಟೆ ಎಳೆಯುವ ಕೊಕ್ಕೆಯನ್ನು ಗೇಟಿನವನ ಕೈಗೆ ಕೊಟ್ಟು ಒಳಗೆ ಹೋದ. ಎರಡು ದಿನ ಬಿಟ್ಟು ಹೆಡ್‌ಮೇಡಂ ಕರೆಸಿದರು.

"ನೋಡಪ್ಪ, ನಿನ್ನ ಮಗಳ ಒಳ್ಳೇದಕ್ಕೇ ಹೇಳೋದು. ದಿನಾ ಹೀಗೆ ಹೊತ್ಕೊಂಡು ಹೋಗೋದು ಅವಳಿಗೂ ಅವಮಾನ ಅಲ್ವಾ? ಕೆಳಗೇ ಒಂದು ಕೋಣೆ ಮಾಡಿಕೊಡ್ತೀವಿ. ಮೇಷ್ಟ್ರುಗಳೇ ಅಲ್ಲಿಗೆ ಬರ್ತಾರೆ."

ಮಗಳಿಗೆ ಅವಮಾನ ಎಂಬ ಮಾತು ಅಪ್ಪನಿಗೆ ನಾಟಿತು. ತಲೆಯಾಡಿಸಿ ಬಂದ. ಅಂದಿನಿಂದ ಗೇಟಿನ ಒಳಗೆ ಅವನು ಕಾಲಿಡುವ ಹಾಗಿಲ್ಲ. ಶಾಲೆಯ ಗಾಲಿಕುರ್ಚಿ ತಳ್ಳುವುದು ಆಯಮ್ಮನ ಕೆಲಸವಾಯಿತು. ಮೇಷ್ಟ್ರುಗಳು ಒಂದು ವಾರ ಕೆಳಗೆ ಬಂದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಆಯಮ್ಮನೇ ಕಸಬರಿಕೆ ಇಡಲು ಬಂದಾಗ ಒಂದು ಹಾಳೆ ಕೊಟ್ಟು ಹೋಗುತ್ತಿದ್ದಳು: "ಇದನ್ನ ತುಂಬಬೇಕಂತೆ ತಾಯಿ."

ಅವಳು ತುಂಬಿದಳು. ಯಾರೂ ತಿದ್ದಲಿಲ್ಲ. ಪರೀಕ್ಷೆ ಬಂತು, ಅದೇ ಕೋಣೆಯಲ್ಲಿ ಬರೆದಳು. ಮಧ್ಯಾಹ್ನ ಡಬ್ಬಿ ಬಿಚ್ಚಿ ಫಿನೈಲಿನ ವಾಸನೆಯಲ್ಲಿ ಉಂಡಳು. ಮೂತ್ರಕ್ಕೆ ಹೋಗಬೇಕಾದರೆ ಆಯಮ್ಮ ಬರುವವರೆಗೆ ಕಾಯಬೇಕು, ಆಯಮ್ಮನಿಗೆ ಮೂರು ಮಹಡಿಯ ಕೆಲಸ. ಅದಕ್ಕೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

ಮನೆಯಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. ಅಪ್ಪ ಕೇಳಿದರೆ ಪಾಠ ಚೆನ್ನಾಗಿ ಕೇಳುತ್ತದೆ ಎನ್ನುತ್ತಿದ್ದಳು. ಅದರಲ್ಲಿ ಸುಳ್ಳಿರಲಿಲ್ಲ.

*

ಎಂಟನೆಯ ತಿಂಗಳಲ್ಲಿ ಹೆಡ್‌ಮೇಡಂ ಮೊದಲ ಸಲ ಆ ಕೋಣೆಗೆ ಬಂದರು. ಮೂಗಿಗೆ ಸೆರಗು ಹಿಡಿದು, ಆಮೇಲೆ ತೆಗೆದು, ನಕ್ಕರು. ಕೈಯಲ್ಲಿ ಚಾಕೊಲೇಟು.

ಶಾಲೆಗೆ ದೊಡ್ಡ ಮನ್ನಣೆ ಬರಲಿದೆ ಎಂದರು. ಬಡವರು ಬಲ್ಲಿದರು, ಕಾಲಿದ್ದವರು ಇಲ್ಲದವರು, ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಶಾಲೆಗಳನ್ನು ಹುಡುಕಿಕೊಂಡು ಅತಿಥಿಗಳು ಬರುತ್ತಿದ್ದಾರೆ. ಹುಡುಗ ಹುಡುಗಿಯರ ನಡುವೆ ಒಗ್ಗಟ್ಟು ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾರೆ. ನಮ್ಮ ಶಾಲೆಯನ್ನೂ ಆರಿಸಿದ್ದಾರೆ. ಗುರುವಾರ ನಿನ್ನನ್ನು ಮೇಲಕ್ಕೆ ಕರೆದೊಯ್ಯುತ್ತೇವೆ. ನೀನು ನಾಲ್ಕು ಮಾತು ಹೇಳಬೇಕು. ಹಾಳೆಯಲ್ಲಿ ಬರೆದಿದ್ದರು: 'ಇಲ್ಲಿ ನನಗೆ ನಾನು ಬೇರೆ ಎಂದು ಯಾವತ್ತೂ ಅನ್ನಿಸಿಲ್ಲ. ನಾವೆಲ್ಲ ಕೂಡಿ ಕಲಿಯುತ್ತೇವೆ.'

"ಆಮೇಲೆ ಅಲ್ಲೇ ಕೂರೋದಾ ಮೇಡಂ?"

"ಮೊದಲು ಇದನ್ನ ಬಾಯಿಪಾಠ ಮಾಡು ಪುಟ್ಟಾ."

ಅವಳು ಅದನ್ನು ಹೌದು ಎಂದೇ ತಿಳಿದಳು. ಒಂಟಿಯಾಗಿದ್ದವರ ಕಿವಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ.

ಅಪ್ಪ ಸುದ್ದಿ ಕೇಳಿ ಮೊದಲು ಕೇಳಿದ್ದು ಒಂದೇ. ಯಾರು ಎತ್ತುತ್ತಾರೆ? ತರಗತಿಯ ನಾಲ್ಕು ಹುಡುಗರು ಎಂದಾಗ ಅವನ ಹುಬ್ಬು ಗಂಟಾಯಿತು. ಹೊರುವುದು ತೋಳಿನ ಕೆಲಸವಲ್ಲ, ಮಾತಿನ ಕೆಲಸ ಎಂದ. ಒಬ್ಬ ಹೇಳಬೇಕು, ಉಳಿದವರು ಓಗೊಡಬೇಕು. ಮಾತಿಲ್ಲದೆ ಹೊತ್ತರೆ ಹೊರೆ ಬೀಳುತ್ತದೆ. ಅವರು ಮಾತಾಡದಿದ್ದರೆ ನೀನೇ ಹೇಳು.

ಗೋದಾಮಿನ ಕಟ್ಟಳೆಯನ್ನೂ ಆ ಸಂಜೆ ಮತ್ತೊಮ್ಮೆ ಹೇಳಿದ. ಅವಳು ಚಿಕ್ಕಂದಿನಿಂದ ಕೇಳಿದ ಕತೆಯೇ. ಮೂಟೆ ತಾನಾಗಿ ಬೆನ್ನಿಗೆ ಬರುವುದಿಲ್ಲ. ಎಂಥ ಗಟ್ಟಿಗನಾದರೂ ಕುಕ್ಕುರುಗಾಲಲ್ಲಿ ಕೂತು "ಒಂದ್ ಕೈ ಹಾಕಿ" ಎನ್ನಬೇಕು. ಹತ್ತಿರ ಯಾರಿದ್ದಾರೋ ಅವರು ಬರಬೇಕು. ಬರುವುದಿಲ್ಲ ಎನ್ನುವ ಹಾಗಿಲ್ಲ. ಒಂದು ಗೋಡೆಯ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟ ಇಬ್ಬರು ಅಲ್ಲಿದ್ದಾರೆ. ಮಾತು ಬಿಟ್ಟಿದ್ದಾರೆ, ಕೈ ಬಿಟ್ಟಿಲ್ಲ. ಒಬ್ಬ ಕೂತರೆ ಇನ್ನೊಬ್ಬ ಮುಖ ಆಚೆ ತಿರುಗಿಸಿಕೊಂಡು ಬಂದು ಎತ್ತಿ ಕೊಟ್ಟು ಹೋಗುತ್ತಾನೆ.

"ಅಲ್ಲೂ ಹಾಗೇ ಇರ್ಬೇಕಲ್ವಾ ಅಪ್ಪ? ಶಾಲೆ ಅಂದ್ರೆ?"

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಮಡಿಕೆಯ ಮೇಲೆ ಮೂರು ಸಲ ಹಾಕಿದಳು.

*

ಗುರುವಾರ ನಾಲ್ಕು ಹುಡುಗರು ಬಂದರು. ಯಾರೂ ಅವಳ ಮುಖ ನೋಡಲಿಲ್ಲ. ಗಾಲಿಕುರ್ಚಿಯ ನಾಲ್ಕು ಮೂಲೆ ಹಿಡಿದರು. ಒಬ್ಬ ಬರುವಾಗ ನೆಲ ಉಜ್ಜಿದ ಸದ್ದು ಕೇಳಿ ಅವಳು ತಲೆ ಎತ್ತಿದಳು. ಎಳೆಗಾಲ. ಅವಳು ಅಂದುಕೊಂಡದ್ದಕ್ಕಿಂತ ಸಣ್ಣವನು, ಕಿವಿ ದೊಡ್ಡದು.

"ಮೂಟೆ ಭಾರ ಇದೆ ಕಣೋ," ಅಂದ ಅವನು. ಅದೇ ದನಿ. ಮೊದಲ ದಿನ ಹಿಂದಿನ ಸಾಲಿನಿಂದ ಬಂದದ್ದು.

ಏಳನೆಯ ಮೆಟ್ಟಿಲಲ್ಲಿ ಕುರ್ಚಿ ಎಡಕ್ಕೆ ವಾಲಿತು. ಅವಳ ಕೆನ್ನೆ ಗೋಡೆಗೆ ತಾಗಿತು. ಅವಳು ಅಪ್ಪನ ಮಾತು ನೆನೆದು ಹೇಳತೊಡಗಿದಳು. ಹಿಂದಿನವರು ಎತ್ತಿ. ಮುಂದಿನವರು ನಿಲ್ಲಿ. ಈಗ ಒಟ್ಟಿಗೆ. ಹುಡುಗರು ಹಾಗೇ ಮಾಡಿದರು. ತಿರುವಿನಲ್ಲಿ ಯಾವ ಹುಡುಗನ ಕೈಯೋ ಅವಳ ಸತ್ತ ಕಾಲಿಗೆ ತಾಗಿತು. ಕುರ್ಚಿ ಕೆಳಗಿಟ್ಟ ಕೂಡಲೇ ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಅವಳು ನೋಡಿದಳು.

ಮೇಲೆ ಅವಳನ್ನು ಕುರ್ಚಿಯಿಂದ ಬೆಂಚಿಗೆ ದಾಟಿಸಿದರು. ಫೋಟೋದಲ್ಲಿ ಎಲ್ಲರ ಹಾಗೆ ಕಾಣಬೇಕಂತೆ. ನಡುವಿನ ಸಾಲು, ಎರಡನೆಯ ಬೆಂಚು. ತನ್ನ ಕೋಣೆಯ ಅಳತೆ ಅವಳಿಗೆ ಗೊತ್ತಿತ್ತು. ಇದು ಸರಿಯಾಗಿ ತನ್ನ ನೆತ್ತಿಯ ಮೇಲಿನ ಜಾಗ. ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ತೆಳ್ಳನೆಯ ಹುಡುಗಿ, ದಪ್ಪ ಕನ್ನಡಕ. ಆ ಬೆಂಚಿನಲ್ಲಿ ಅವಳೂ ಒಬ್ಬಳೇ ಕೂರುವವಳು ಎಂದು ನೋಡಿದರೇ ತಿಳಿಯುತ್ತಿತ್ತು. ಬೇರೆ ಬೆಂಚುಗಳಲ್ಲಿ ಮೂರು ಮೂರು ಚೀಲ.

ಅವಳು ಪಿಸುಗುಟ್ಟಿದಳು. "ನೀನಾ? ಟಕ್, ಟಕ್ ಟಕ್?"

"ಏನು?"

"ಲೆಕ್ಕದ ಪೀರಿಯಡ್‌ನಲ್ಲಿ. ನೀನು ಬಡೀತೀಯಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ. ಬರೆಯಲು ಮುಂದಕ್ಕೆ ಬಾಗಿದಳು. ಬೆಂಚಿನ ಒಂದು ಕಾಲು ಗಿಡ್ಡ. ಅದು ನೆಲಕ್ಕೆ ಬಡಿಯಿತು. ಟಕ್. ಅವಳು ಹಿಂದಕ್ಕೆ ಸರಿದಳು. ಟಕ್ ಟಕ್.

"ಓ, ಇದಾ? ಬೋರ್ಡ್ ಕಾಣ್ಸಲ್ಲ ನಂಗೆ, ಬಗ್ಗಿ ಬಗ್ಗಿ ನೋಡ್ತೀನಿ. ಬೆಂಚ್ ಸರಿ ಇಲ್ಲ."

ಅವಳು ಬೆಂಚಿನ ಆ ಕಾಲನ್ನೇ ನೋಡುತ್ತ ಕೂತಳು. ತಿಂಗಳುಗಟ್ಟಲೆ ಅವಳು ಗೆಳೆತನ ಮಾಡಿದ್ದು ಆ ಕಾಲಿನ ಜೊತೆಗೆ. ಮನೆಯಲ್ಲಿ ಹೇಳಿದ ಗೆಳತಿ ಅದು. ನಕಾಶೆಯ ಕೋಲಿನಿಂದ ಅವಳು ಹೇಳಿದ ಮಾತೆಲ್ಲ ಹೋಗಿದ್ದು ಅದಕ್ಕೆ. ಮೇಲೆ ನಲವತ್ತೊಂದು ಜನರಲ್ಲಿ ಒಬ್ಬರಿಗೂ, ಕೆಳಗೆ ಒಬ್ಬಳಿದ್ದಾಳೆ ಎಂಬುದು ಒಂದು ದಿನವೂ ನೆನಪಾಗಿರಲಿಲ್ಲ.

ಅತಿಥಿಗಳು ಬಂದರು. ಮೂವರು. ಒಬ್ಬರ ಕೈಯಲ್ಲಿ ಕ್ಯಾಮೆರಾ. ಎತ್ತರದ ಹೆಂಗಸು ಅವರಲ್ಲಿ ಮುಖ್ಯರು, ದನಿ ತುಂಬ ಮೆತ್ತಗೆ. ಅವಳು ಹಾಳೆಯಲ್ಲಿದ್ದುದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಚಪ್ಪಾಳೆ ಬಿತ್ತು. ಎತ್ತರದ ಹೆಂಗಸು ಬಗ್ಗಿ ಕೇಳಿದರು.

"ಇಷ್ಟು ಜನರಲ್ಲಿ ನಿನ್ನ ಗೆಳೆಯರು ಯಾರು ಯಾರು? ತೋರಿಸ್ತೀಯಾ?"

ಅವಳು ಹಲಗೆ ಹಿಡಿದು ಆದಷ್ಟು ತಿರುಗಿ ನೋಡಿದಳು. ನಲವತ್ತೊಂದು ಮುಖ. ಎತ್ತಿ ತಂದವರನ್ನು ಬಿಟ್ಟರೆ ಒಂದೂ ಗೊತ್ತಿಲ್ಲ.

"ಮುಖ ನೋಡಿ ಗೊತ್ತಾಗಲ್ಲ ಮೇಡಂ. ನಡೆದ್ರೆ ಹೇಳ್ತೀನಿ."

ಹೆಡ್‌ಮೇಡಂ ನಕ್ಕರು, ಮಗು ತಮಾಷೆ ಮಾಡುತ್ತಿದೆ ಎಂದರು. ಅತಿಥಿಗೆ ಕುತೂಹಲ. ನಾಲ್ಕೈದು ಮಕ್ಕಳನ್ನು ಎಬ್ಬಿಸಿ ನಡೆಯಲು ಹೇಳಿದರು. ಅವಳು ಕಣ್ಣು ಮುಚ್ಚಿದಳು. ಇವನು ಮೊದಲು ಬರುವವನು, ಕಿಟಕಿಯ ಹತ್ತಿರ ಓಡುತ್ತಾನೆ. ಇವರಿಬ್ಬರೂ ಒಟ್ಟಿಗೇ, ಒಬ್ಬಳಿಗೆ ಶನಿವಾರದಿಂದ ಕಾಲು ನೋಯುತ್ತಿದೆ. ಇವನು ಇತಿಹಾಸದ ಪೀರಿಯಡ್ಡಿನಲ್ಲಿ ಎರಡು ಸಲ ಹೊರಗೆ ಹೋಗುತ್ತಾನೆ. ಕನ್ನಡಕದ ಹುಡುಗಿಯನ್ನು ಎರಡೇ ಹೆಜ್ಜೆಯಲ್ಲಿ ಗುರುತಿಸಿದಳು. ಇವಳು ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ಬಾಗಿಲಲ್ಲಿ ನಿಲ್ಲುತ್ತಾಳೆ. ಯಾರಾದರೂ ಬಾ ಅನ್ನುತ್ತಾರೇನೋ ಎಂದು.

ಅತಿಥಿಗಳು ಬೆರಗಾಗಿ ಚಪ್ಪಾಳೆ ತಟ್ಟಿದರು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು.

"ಕೆಳಗೆ ಕೂತು."

ತರಗತಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕದ ಹುಡುಗಿ ನಿಂತಲ್ಲೇ ನೆಲ ನೋಡಿದಳು. ಆ ಕೋಣೆಯಲ್ಲಿ ನೆಲದ ಕೆಳಗೆ ಏನಿದೆ ಎಂದು ಅಂದೇ ಮೊದಲ ಬಾರಿಗೆ ಕೆಲವರು ಯೋಚಿಸಿದ್ದು. ಎತ್ತರದ ಹೆಂಗಸಿನ ನಗೆ ಒಂದು ಗಳಿಗೆ ನಿಂತಿತು. ಕೇಳಬೇಕಾದ ಒಂದು ಪ್ರಶ್ನೆ ಅವರ ತುಟಿಯವರೆಗೆ ಬಂದದ್ದು ಅವಳಿಗೆ ಕಂಡಿತು. ಅಷ್ಟರಲ್ಲಿ ಹೆಡ್‌ಮೇಡಂ, ಇದು ದೇವರು ಕೊಟ್ಟ ವಿಶೇಷ ಪ್ರತಿಭೆ ಎಂದರು, ಕ್ಯಾಮೆರಾದವನು ಎಲ್ಲರೂ ಹತ್ತಿರ ಸರಿಯಿರಿ ಎಂದ, ತಿಂಡಿ ಆರುತ್ತಿದೆ ಎಂದು ಆಯಮ್ಮ ಬಂದಳು. ಪ್ರಶ್ನೆ ಅಲ್ಲೇ ಉಳಿಯಿತು. ಹೆಂಗಸು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು.

*

ಅತಿಥಿಗಳ ಕಾರು ಹೋದ ಮೇಲೆ ನಾಲ್ಕು ಹುಡುಗರು ಮತ್ತೆ ಬಂದರು.

"ಇಳಿಯಲ್ಲ," ಅಂದಳು ಅವಳು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಎರಡೂ ಕೈಯಿಂದ ಬೆಂಚಿನ ಹಲಗೆ ಹಿಡಿದಿದ್ದಳು. ಹೆಡ್‌ಮೇಡಂ ಬಂದರು. ಮೊದಲು ಪುಟ್ಟಾ ಎಂದರು. ಆಮೇಲೆ ಹಟ ಎಂದರು. ಆಮೇಲೆ ಇಷ್ಟು ಮಾಡಿದ್ದಕ್ಕೆ ಇದು ಕೃತಜ್ಞತೆಯೇ ಎಂದರು.

"ಇಳಿಜಾರು ಕಟ್ಟಿಸಿದ್ದು ಯಾರಿಗೆ? ಗಾಲಿಕುರ್ಚಿ ತಂದಿದ್ದು ಯಾರಿಗೆ?"

"ಫೋಟೋಗೆ," ಅಂದಳು ಅವಳು.

"ಏನಂದೆ?"

"ನಾನು ಒಂಬತ್ತನೇ ತರಗತಿ. ಒಂಬತ್ತನೇ ತರಗತಿ ಇಲ್ಲಿದೆ. ನಾಳೆನೂ ಇಲ್ಲೇ ಕೂರ್ತೀನಿ ಅಂತ ನೀವು ಹೇಳಿ ಮೇಡಂ, ಇಳೀತೀನಿ."

ಹೆಡ್‌ಮೇಡಂ ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಗೋದಾಮಿಗೆ ಫೋನು ಮಾಡಿಸಿದರು.

ಅಪ್ಪ ಬರುವವರೆಗೆ ಅವಳು ಒಬ್ಬಳೇ ಕೂತಳು. ಇಷ್ಟು ದಿನ ಕೆಳಗಿನಿಂದ ಕೇಳಿದ ಕೋಣೆ ಇದು. ಈಗ ಅದು ಬರಿದು. ಬೋರ್ಡಿನ ಮೇಲೆ ಅತಿಥಿಗಳಿಗಾಗಿ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಸ್ವಾಗತ. ಅವಳು ಮೈ ಮುಂದಕ್ಕೆ ಬಾಗಿಸಿದಳು. ಟಕ್. ಹಿಂದಕ್ಕೆ ಸರಿದಳು. ಟಕ್ ಟಕ್. ಆ ಸದ್ದು ಕೆಳಗಿನ ಕೋಣೆಗೆ ಹೋಗಿರುತ್ತದೆ. ಅಲ್ಲಿ ಕೇಳಲು ಯಾರೂ ಇಲ್ಲ. ಕೆಳಗಿದ್ದವಳು ಮೇಲೆ ಬಂದಿದ್ದಾಳೆ, ಮೇಲಿದ್ದವರು ಹೊರಟುಹೋಗಿದ್ದಾರೆ. ಎಲ್ಲಿ ಕೂತರೂ ತಾನು ಒಬ್ಬಳೇ ಎಂದು ಅವಳಿಗೆ ಅನ್ನಿಸಿತು. ಆಗ ಅಳು ಬಂತು. ಅತ್ತಳು. ಕೈ ಮಾತ್ರ ಹಲಗೆ ಬಿಡಲಿಲ್ಲ.

ಅಪ್ಪನ ಹೆಜ್ಜೆ ಮೆಟ್ಟಿಲಲ್ಲಿ ಕೇಳಿತು. ಒಳಗೆ ಬಿಡದಿದ್ದ ಗೇಟಿನವನೇ ಇಂದು ಅವನನ್ನು ಓಡಿಸಿಕೊಂಡು ಬರುತ್ತಿದ್ದ. ಅಪ್ಪ ಇಳಿಸುತ್ತಿದ್ದ ಮೂಟೆ ಮುಗಿಸಿ, ಹಾಗೇ ಬಂದಿದ್ದ. ಮೈತುಂಬ ಹೊಟ್ಟಿನ ಧೂಳು, ಸೊಂಟದಲ್ಲಿ ಕೊಕ್ಕೆ. ಇಂದು ಅದನ್ನು ಯಾರೂ ತೆಗೆದಿಡು ಎನ್ನಲಿಲ್ಲ.

"ಎತ್ಕೊಂಡು ಹೋಗಪ್ಪ," ಅಂದರು ಹೆಡ್‌ಮೇಡಂ.

ಅಪ್ಪ ಮಗಳ ಮುಖ ನೋಡಿದ. ಅವಳು ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಹೇಳದಿದ್ದದ್ದನ್ನೆಲ್ಲ. ಹಾಳೆ, ಫಿನೈಲು, ಕುಡಿಯದ ನೀರು, ಬೆಂಚಿನ ಕಾಲು. ಹೇಳುವಾಗ ದನಿ ಏರಲಿಲ್ಲ. ಅಪ್ಪ ನಿಂತೇ ಕೇಳಿದ. ಆಮೇಲೆ ನಡುವಿನ ಸಾಲಿನಲ್ಲಿ, ಅವಳ ಕಾಲಿನ ಪಕ್ಕ, ನೆಲದ ಮೇಲೆ ಕೂತ.

"ನನ್ನೊಬ್ಬನ ಕೈಲಿ ಎತ್ತಕ್ಕಾಗಲ್ಲ ಮೇಡಂ."

"ದಿನಾ ಒಬ್ಬನೇ ಹೊತ್ಕೊಂಡು ಬರ್ತಿರಲಿಲ್ವಾ?"

"ಒಬ್ಬನೇ ಅಲ್ಲ. ಆಗ ಅವಳೂ ಕೈ ಹಾಕ್ತಿದ್ಲು, ನನ್ನ ಕುತ್ತಿಗೆಗೆ. ಇವತ್ತು ಹಾಕ್ತಿಲ್ಲ."

ಹೆಡ್‌ಮೇಡಂ ಬಾಗಿಲವರೆಗೆ ಹೋಗಿ ತಿರುಗಿದರು. ನಾಳೆ ಕೆಳಗಿನ ಕೋಣೆಯಲ್ಲಿ ಕೂರುವುದಾದರೆ ಬರಲಿ, ಇಲ್ಲದಿದ್ದರೆ ಹಾಜರಿಯಿಂದ ತೆಗೆಯುತ್ತೇನೆ ಎಂದರು. ಅವರ ಚಪ್ಪಲಿಯ ಸದ್ದು ಇಪ್ಪತ್ತಾರು ಮೆಟ್ಟಿಲು ಇಳಿಯಿತು. ಮೈದಾನ ಬರಿದಾಯಿತು. ಆಯಮ್ಮ ಬಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಇವರ ಕಡೆಯ ಕಿಟಕಿಯನ್ನು ಮುಚ್ಚದೆ, ಬೀಗದ ಕೈ ಹಿಡಿದು ಬಾಗಿಲಲ್ಲಿ ಕೂತಳು. "ನನಗೇನೂ ಅವಸರ ಇಲ್ಲ ತಾಯಿ," ಅಂದಳು.

ಬಿಸಿಲು ಬೆಂಚಿನಿಂದ ಗೋಡೆಗೆ ಹೋಯಿತು.

ಆಗ ಮೆಟ್ಟಿಲಲ್ಲಿ ಮೆತ್ತನೆಯ ಹೆಜ್ಜೆ. ಅವಳು ತಲೆ ಎತ್ತಿದಳು. ಹೆಜ್ಜೆ ಬಾಗಿಲವರೆಗೆ ಬಂತು. ನಿಂತಿತು.

"ಬಾ," ಅಂದಳು ಅವಳು.

ಕನ್ನಡಕದ ಹುಡುಗಿ ಒಳಗೆ ಬಂದಳು. ಮನೆಗೆ ಹೋಗಿ ತಿರುಗಿ ಬಂದಿದ್ದಳು, ಚೀಲ ಇರಲಿಲ್ಲ. ಬೆಂಚಿನ ಗಿಡ್ಡ ಕಾಲನ್ನು ಒಮ್ಮೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ನಾಳೆ ನಾನು ಮೆಟ್ಟಿಲ ಹತ್ರ ಇರ್ತೀನಿ ಅಂಕಲ್. ಎತ್ತೋದು ಹೇಗೆ ಅಂತ ಹೇಳ್ಕೊಡಿ."

"ನೀನಾ? ನಿನ್ನನ್ನೇ ಯಾರಾದ್ರೂ ಎತ್ಕೋಬೇಕು," ಅಂದಳು ಬಾಗಿಲಲ್ಲಿದ್ದ ಆಯಮ್ಮ.

ಅಪ್ಪ ಎದ್ದ. ಎತ್ತುವುದಕ್ಕೆ ದಪ್ಪ ಬೇಡ, ಇಬ್ಬರು ಬೇಕು ಎಂದ. ಬಲಗೈಯಿಂದ ತನ್ನ ಎಡ ಮಣಿಕಟ್ಟು ಹಿಡಿಯಬೇಕು. ಎಡಗೈಯಿಂದ ಎದುರಿನವರ ಬಲ ಮಣಿಕಟ್ಟು. ನಾಲ್ಕು ಕೈ ಸೇರಿದರೆ ಒಂದು ಪೀಠ. ಕೂತವರು ಇಬ್ಬರ ಕುತ್ತಿಗೆಗೂ ಒಂದೊಂದು ಕೈ ಹಾಕಬೇಕು. ಅವನ ಒರಟು ಮಣಿಕಟ್ಟಿನ ಸುತ್ತ ಹುಡುಗಿಯ ಬೆರಳು ಅರ್ಧಕ್ಕೂ ಬರಲಿಲ್ಲ. ಇನ್ನೂ ಬಿಗಿ, ಇನ್ನೂ ಬಿಗಿ ಎಂದು ಹೇಳಿಕೊಟ್ಟ. ಕೆಳಗಿನ ಕೋಣೆಗೆ ಕಳಿಸಿದ ಮೇಲೆ ಆ ತರಗತಿಯಲ್ಲಿ ಮಗಳು ಕಣ್ಣಾರೆ ಕಂಡ ಪಾಠ ಅದೊಂದೇ.

ಮಗಳು ಇನ್ನೂ ಹಲಗೆ ಹಿಡಿದೇ ಇದ್ದಳು. ಇಳಿದರೆ ಸೋತ ಹಾಗೆ ಎಂದಳು.

"ಇಳೀದೆ ಇದ್ರೆ ನಾಳೆ ಹತ್ತೋದು ಹೇಗೆ?" ಅಂದಳು ಕನ್ನಡಕದವಳು.

ಅವಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿನ ಹಾಗೆ ಹೊರಬಿತ್ತು. ಕೈ ಬಿಟ್ಟಳು.

*

ಮರುದಿನ ಗೇಟಿನವನು ಅಪ್ಪನನ್ನು ಹೊರಗೇ ನಿಲ್ಲಿಸಿದ. ಅಪ್ಪ ತಳ್ಳುಗಾಡಿಯ ಹಿಡಿ ಹಿಡಿದು ಸರಳಿನ ಆಚೆ ನಿಂತ. ಗೋದಾಮಿನಲ್ಲಿ ಲಾರಿ ಬಂದು ನಿಂತಿರುತ್ತದೆ. ಅವನು ಹೋಗಲಿಲ್ಲ.

ಆಯಮ್ಮ ಗಾಲಿಕುರ್ಚಿಯನ್ನು ಇಳಿಜಾರು ಹತ್ತಿಸಿದಳು. ಜಗಲಿಯಲ್ಲಿ ಎಡಕ್ಕೆ ತಿರುಗಿದರೆ ನೀಲಿ ಬೋರ್ಡಿನ ಕೋಣೆ, ಬಲಕ್ಕೆ ಮೆಟ್ಟಿಲು. ಆಯಮ್ಮ ಕೇಳಲಿಲ್ಲ. ಬಲಕ್ಕೆ ತಿರುಗಿಸಿ, ಮೊದಲ ಮೆಟ್ಟಿಲ ಬುಡದಲ್ಲಿ ಬಿಟ್ಟು, ಹಿಂದೆ ತಿರುಗಿ ನೋಡದೆ ಹೋದಳು.

ಕನ್ನಡಕದ ಹುಡುಗಿ ಅಲ್ಲಿದ್ದಳು. ಇಂದು ಎಲ್ಲರಿಗಿಂತ ಮೊದಲು ಬಂದಿದ್ದಳು. ಬಲಗೈಯಿಂದ ಎಡ ಮಣಿಕಟ್ಟು ಹಿಡಿದು, ಬಗ್ಗಿ ನಿಂತಳು. ಎಡಗೈ ಮುಂದಕ್ಕೆ ಚಾಚಿತ್ತು. ಆ ಕೈಗೆ ಹಿಡಿಯಲು ಎದುರಿಗೆ ಏನೂ ಇರಲಿಲ್ಲ.

ಮಕ್ಕಳು ಬರತೊಡಗಿದರು. ಮೆಟ್ಟಿಲ ತಿರುವಿನಲ್ಲಿ ಹೆಡ್‌ಮೇಡಂ ಕೈ ಕಟ್ಟಿ ನಿಂತಿದ್ದರು. ಅವರನ್ನು ನೋಡಿದ ಮಕ್ಕಳು ಕಣ್ಣು ತಗ್ಗಿಸಿ, ಕುರ್ಚಿಯ ಎರಡೂ ಪಕ್ಕದಿಂದ ಸರಿದು ಹತ್ತಿದರು.

ಅವಳು ಗೇಟಿನ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕೂಗಿದಳು.

"ಒಂದ್ ಕೈ ಹಾಕಿ."

ಓಡುವ ಕಾಲು ಹತ್ತಿತು. ಜೋಡಿ ಕಾಲು ಬಂತು, ಒಬ್ಬಳು ನಿಧಾನಿಸಿದಳು, ಇನ್ನೊಬ್ಬಳು ಎಳೆದಳು, ಇಬ್ಬರೂ ಹತ್ತಿದರು. ಇನ್ನೊಂದು, ಮತ್ತೊಂದು. ಗಂಟೆ ಹೊಡೆಯಿತು. ಪಕ್ಕದಲ್ಲಿ ಬಗ್ಗಿ ನಿಂತವಳು ಚಾಚಿದ ಕೈ ಮಡಚಿದ ಸದ್ದಿಲ್ಲ.

"ಒಂದ್ ಕೈ ಹಾಕಿ," ಅಂದಳು ಮತ್ತೆ.

ಜಗಲಿಯ ಆ ತುದಿಯಿಂದ ಒಂದು ಹೆಜ್ಜೆ ಬಂತು, ನೆಲ ಉಜ್ಜಿಕೊಂಡು, ಅವಸರವಿಲ್ಲದೆ. ಕುರ್ಚಿಯ ಹತ್ತಿರ ಬಂತು. ಕುರ್ಚಿಯನ್ನು ದಾಟಿತು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು.

ಅಲ್ಲಿ ನಿಂತಿತು.

ಯಾರೆಂದು ಅವಳಿಗೆ ಗೊತ್ತಿತ್ತು. ಕಣ್ಣು ತೆರೆಯಲಿಲ್ಲ. ಎರಡೂ ಕೈಗಳನ್ನು ಮೇಲೆತ್ತಿ, ಕುತ್ತಿಗೆಗೆ ಹಾಕುವ ಹಾಗೆ ಅಗಲಿಸಿಕೊಂಡು, ಆ ಕಾಲು ಮೇಲಕ್ಕೆ ಹೋಗುತ್ತದೋ ಕೆಳಗೆ ಬರುತ್ತದೋ ಎಂದು ಕಿವಿಗೊಟ್ಟು ಕೂತಳು.